ಹಿತ್ತಲಿಲ್ಲದವರ ಹಿತ್ತಲು

ಹನ್ನೊಂದು ವರ್ಷದ ಹಿಂದಿನ ಮಾತು. ಮೂರನೇ ತರಗತಿಗೆ ಎಲೆಗಳ ಪಾಠ ಮಾಡಬೇಕಿತ್ತು. ‘ನಾಳೆ ಬರುವಾಗ ನಿಮ್ಮ ನಿಮ್ಮ ಹಿತ್ತಲಿಂದ ನಾಲ್ಕು ಬಗೆಯ ಎಲೆ ಕೊಯ್ದು ತನ್ನಿ’ ಎಂದು ಹೇಳಿ ಕಳಿಸಿದ್ದೆ. ಮಾರನೆಯ ದಿನ ಮೇಜಿನ ಮೇಲೆ ಬಸಳೆ, ಕೆಸು, ಒಂದೆಲಗ, ಅರಿಶಿನ, ಚಕ್ರಮುನಿ, ಲಿಂಬೆ ಎಲ್ಲ ರಾಶಿ ಬಿದ್ದವು. ಮೂರು ಮಕ್ಕಳು ಮಾತ್ರ ಬರಿಗೈಯಲ್ಲಿ ನಿಂತಿದ್ದರು. ಗದರಿದೆ. ಅವರಲ್ಲೊಬ್ಬ ಹುಡುಗ ನೆಲ ನೋಡುತ್ತಲೇ ಹೇಳಿದ: ‘ಟೀಚರ್, ನಮ್ಗೆ ಹಿತ್ಲು ಇಲ್ಲ. ನಮ್ದು ಲೈನ್‌ಮನೆ.’

ನಾನು ಮಲೆನಾಡಿನಲ್ಲೇ ಹುಟ್ಟಿ ಬೆಳೆದವಳು. ಕೊಪ್ಪದ ಹತ್ತಿರದ ನನ್ನ ತವರಿನಲ್ಲಿ ಗದ್ದೆ ಇಲ್ಲದವರಿದ್ದರು, ತೋಟ ಇಲ್ಲದವರಿದ್ದರು, ಆದರೆ ಹಿತ್ತಲಿಲ್ಲದ ಮನೆ ಇರಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಕಾಫಿ ಎಸ್ಟೇಟಿನ ಲೈನ್‌ಮನೆ ಅಂದರೆ ಒಂದೇ ಮಾಡಿನಡಿ ಸಾಲಾಗಿ ಕಟ್ಟಿದ ಎಂಟೋ ಹತ್ತೋ ಕೋಣೆ. ಮುಂದೆ ಒಂದು ತುಂಡು ಅಂಗಳ, ಹಿಂದೆ ಕಾಫಿ ಗಿಡ. ಒಂದು ಹಿಡಿ ಹರಿವೆ ಬೀಜ ಚೆಲ್ಲುವುದಕ್ಕೂ ತಮ್ಮದೆನ್ನುವ ಮಣ್ಣು ಅಲ್ಲಿಲ್ಲ. ಸುತ್ತ ಇಷ್ಟು ಹಸಿರಿದ್ದೂ ಆ ಮನೆಗಳವರು ಶೃಂಗೇರಿ ಪೇಟೆಯಿಂದ ವಾರಕ್ಕೊಮ್ಮೆ ಬಾಡಿದ ಎಲೆಕೋಸು ತಂದು ಉಣ್ಣುತ್ತಾರೆ. ಆ ಹುಡುಗನನ್ನು ಗದರಿದ್ದು ನನಗೆ ಇವತ್ತಿಗೂ ನೋವಿನ ವಿಷಯ. ನಮ್ಮೂರಿನ ಪಂಚಾಯಿತಿ ಜಾಗದಲ್ಲಿ ಈಗ ಇರುವ ತರಕಾರಿ ತೋಟ ಶುರುವಾದದ್ದು ಅಲ್ಲಿಂದ.

ಊರು ಯಾವುದೆಂದು ಬರೆಯುವುದಿಲ್ಲ. ಶೃಂಗೇರಿಯಿಂದ ಕಿಗ್ಗಕ್ಕೆ ಬಂದು ಸಿರಿಮನೆ ಜಲಪಾತದ ಕಡೆ ಹೋಗುವ ಪ್ರವಾಸಿಗರು ಹಾದುಹೋಗುವ ಊರುಗಳಲ್ಲಿ ಒಂದು ಅಂದುಕೊಳ್ಳಿ. ಕಿಗ್ಗದ ಋಷ್ಯಶೃಂಗೇಶ್ವರ ಮಳೆದೇವರು. ಮಳೆ ಬಾರದಿದ್ದರೂ, ಬಂದ ಮಳೆ ನಿಲ್ಲದಿದ್ದರೂ ಜನ ಅವನ ಮುಂದೆ ಕೈಮುಗಿಯುತ್ತಾರೆ. ಅಂಥ ಸೀಮೆಯಲ್ಲಿ ತರಕಾರಿ ಬೆಳೆಯುವುದು ಎಷ್ಟು ಕಷ್ಟ, ಅದೂ ಯಾರದೂ ಅಲ್ಲದ, ಎಲ್ಲರದೂ ಆದ ಜಾಗದಲ್ಲಿ ಬೆಳೆಯುವುದು ಇನ್ನೆಷ್ಟು ಕಷ್ಟ ಎಂಬುದನ್ನು ಒಂಬತ್ತು ವರ್ಷದಿಂದ ಕಲಿಯುತ್ತಿದ್ದೇನೆ. ಈಗ ನಿವೃತ್ತಳಾಗಿದ್ದೇನೆ. ತೋಟದ ಲೆಕ್ಕದ ಪುಸ್ತಕ ಮಾತ್ರ ನನ್ನ ಕೈಯಲ್ಲೇ ಇದೆ.

ಜಾಗ ಸಿಕ್ಕಿದ್ದು ಶಾಲೆಯ ಪಕ್ಕದ ಹಳೆಯ ದನದ ದೊಡ್ಡಿಯಲ್ಲಿ. ಇಂದಿನ ಮಕ್ಕಳಿಗೆ ದೊಡ್ಡಿ ಎಂದರೆ ಗೊತ್ತಿರಲಿಕ್ಕಿಲ್ಲ. ಇನ್ನೊಬ್ಬರ ಗದ್ದೆಗೆ ನುಗ್ಗಿದ ದನವನ್ನು ಹೊಡೆದುಕೊಂಡು ಬಂದು ಕೂಡುತ್ತಿದ್ದ ಜಾಗ ಅದು. ಯಜಮಾನ ದಂಡ ಕಟ್ಟಿ ಬಿಡಿಸಿಕೊಂಡು ಹೋಗಬೇಕು. ಬ್ರಿಟಿಷರ ಕಾಲದ 1871ರ ಕಾಯ್ದೆಯಿಂದ ಬಂದ ಏರ್ಪಾಡು, ನಂತರ ಪಂಚಾಯಿತಿಗಳ ಪಾಲಿಗೆ ಬಂತು. ಊರಲ್ಲಿ ದನ ಕಡಿಮೆಯಾದ ಮೇಲೆ ಕಲ್ಲಿನ ಗೋಡೆ ಉಳಿಯಿತು, ಒಳಗೆ ಲಂಟಾನ ಬೆಳೆಯಿತು. ಹನ್ನೆರಡು ಗುಂಟೆ. ಎಷ್ಟೋ ವರ್ಷ ದನ ನಿಂತ ನೆಲವಾದ್ದರಿಂದ ಗುದ್ದಲಿ ಹಾಕಿದರೆ ಕಪ್ಪು ಮಣ್ಣು ಬರುತ್ತಿತ್ತು. ನಮ್ಮ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಅಂಥ ಮಣ್ಣು ಕಂಡರೆ ಯಾರಿಗಾದರೂ ಬೀಜ ಹಾಕೋಣ ಅನ್ನಿಸಬೇಕು.

ಆದರೆ ಮೊದಲು ಕಾಗದ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಂಥ ತೋಟ ಮಾಡಬೇಕೆಂದು ಹೊರಟ ಹೆಚ್ಚಿನವರು ಎಡವುವುದು ಇಲ್ಲೇ. ಮಲೆನಾಡಿನಲ್ಲಿ ‘ಖಾಲಿ ಜಾಗ’ ಅನ್ನುವ ಮಾತಿಗೆ ಅರ್ಥವಿಲ್ಲ. ಕಣ್ಣಿಗೆ ಖಾಲಿ ಕಂಡದ್ದು ಪಹಣಿಯಲ್ಲಿ ಗೋಮಾಳ ಇರಬಹುದು, ಬಿ ಖರಾಬು ಇರಬಹುದು, ಅರಣ್ಯ ಇರಬಹುದು, ಯಾರದೋ ತೋಟಕ್ಕೆ ಸೇರಿದ ಸೊಪ್ಪಿನಬೆಟ್ಟ ಇರಬಹುದು. ಒಂದೊಂದಕ್ಕೂ ಒಂದೊಂದು ಕಟ್ಟು. ಗೋಮಾಳವೆಂದರೆ ಊರ ದನ ಮೇಯಲು ಬಿಟ್ಟ ನೆಲ. ನೂರು ದನಕ್ಕೆ ಹನ್ನೆರಡು ಹೆಕ್ಟೇರಿನಂತೆ ಕಾದಿಡಬೇಕೆಂದು 1966ರ ಭೂಕಂದಾಯ ನಿಯಮ ಹೇಳುತ್ತದೆ. ಸೊಪ್ಪಿನಬೆಟ್ಟ, ಕಾನುಗಳು ಸರ್ಕಾರದ ನೆಲವೇ ಆದರೂ ಅಲ್ಲಿ ಸೊಪ್ಪು, ದರಗು ತರುವ ಹಳೆಯ ಸವಲತ್ತು ಮುಂದುವರಿಯುತ್ತದೆಂದು 1964ರ ಭೂಕಂದಾಯ ಕಾಯ್ದೆಯ 79ನೇ ಕಲಮಿನಲ್ಲಿದೆ. ಸವಲತ್ತು ಅಷ್ಟೆ, ಒಡೆತನವಲ್ಲ. ಇವೆಲ್ಲದರ ಮೇಲೆ ಡೀಮ್ಡ್ ಅರಣ್ಯದ ಪಟ್ಟಿ ಬೇರೆ. 1996ರಲ್ಲಿ ಸುಪ್ರೀಂ ಕೋರ್ಟು ಕಾಡೆಂದರೆ ಏನು ಎಂದು ಹೇಳಿದ ಮೇಲೆ ಮಾಡಿದ ಪಟ್ಟಿ ಅದು. ರಾಜ್ಯದಲ್ಲಿ ಸುಮಾರು ಹತ್ತು ಲಕ್ಷ ಹೆಕ್ಟೇರ್ ಇದ್ದದ್ದನ್ನು 2022ರಲ್ಲಿ ಮೂರು ಲಕ್ಷದ ಮೂವತ್ತು ಸಾವಿರಕ್ಕೆ ಇಳಿಸಿದರು. ಸರ್ವೆ ನಂಬರ್ ಹಿಡಿದು ಇದೆಲ್ಲವನ್ನೂ ನೋಡದೆ ಗುದ್ದಲಿ ಹಾಕಬಾರದು. ಒಳ್ಳೆಯ ಉದ್ದೇಶದಿಂದ ಮಾಡಿದ ಒತ್ತುವರಿಯೂ ಒತ್ತುವರಿಯೇ.

ನಮ್ಮ ಜಾಗ ಪಂಚಾಯಿತಿಯದೇ ಎಂದು ಪಹಣಿಯಲ್ಲಿ ಚೊಕ್ಕವಾಗಿತ್ತು. ಅದೇ ಧೈರ್ಯದ ಮೇಲೆ ನಾನು ಒಂದು ತಪ್ಪು ಮಾಡಿದೆ. ಆಗಿನ ಅಧಿಕಾರಿ ಒಳ್ಳೆಯವರು, ‘ಮಾಡಿ ಟೀಚರ್, ಮಕ್ಕಳಿಗೆ ತಾನೆ’ ಅಂದರು. ಆ ಮಾತನ್ನೇ ನಂಬಿ ಲಂಟಾನ ಕಡಿಸಿ, ಉದ್ಯೋಗ ಖಾತರಿಯಲ್ಲಿ ಅಗಳ ತೋಡಿಸಿದೆವು. ಅವರಿಗೆ ವರ್ಗವಾಯಿತು. ಬಂದ ಹೊಸಬರು ‘ಕಾಗದ ಎಲ್ಲಿ?’ ಅಂದರು. ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಒಂದು ಇಡೀ ಬೇಸಿಗೆ ಕೆಲಸ ನಿಂತಿತು. ಕೊನೆಗೆ ಗ್ರಾಮಸಭೆಯಲ್ಲಿ ವಿಷಯ ಇಟ್ಟು, ಪಂಚಾಯಿತಿ ಸಭೆಯಲ್ಲಿ ಠರಾವು ಮಾಡಿಸಿ, ಹದ್ದುಬಸ್ತು ಮಾಡಿಸಿ ಕಲ್ಲು ನೆಟ್ಟೆವು. ಠರಾವಿನಲ್ಲಿ ನಾವೇ ಕೇಳಿ ಬರೆಸಿದ ಸಾಲೊಂದಿದೆ: ಜಾಗ ಪಂಚಾಯಿತಿಯದೇ, ತೋಟ ನೋಡಿಕೊಳ್ಳುವವರಿಗೆ ನೆಲದ ಮೇಲೆ ಯಾವ ಹಕ್ಕೂ ಇಲ್ಲ, ಬೆಳೆದದ್ದು ಮೊದಲು ಶಾಲೆಯ ಅಡುಗೆಮನೆಗೆ. ಹಕ್ಕು ಬಿಟ್ಟುಕೊಟ್ಟದ್ದರಿಂದಲೇ ಊರಿನವರ ಅನುಮಾನ ಕಡಿಮೆಯಾಯಿತು.

ಆ ಹೊತ್ತಿಗೆ ಎಲೆ ತಾರದ ಆ ಹುಡುಗನ ಅಪ್ಪ ಅಮ್ಮ ಬಾಳೆಹೊನ್ನೂರು ಕಡೆಯ ಎಸ್ಟೇಟಿಗೆ ಹೋಗಿದ್ದರು. ಅವನು ಈ ತೋಟದ ಒಂದು ಎಲೆಯನ್ನೂ ಕೊಯ್ಯಲಿಲ್ಲ.

ಏನು ಬೆಳೆಯಬೇಕು ಎಂಬ ಮಾತಿಗೆ ಊರಿನವರೆಲ್ಲ ಒಂದೇ ಉತ್ತರ ಕೊಟ್ಟರು: ಅಡಿಕೆ. ಅವರನ್ನು ತಪ್ಪು ಎನ್ನಲಾರೆ. ದಕ್ಷಿಣ ಕನ್ನಡದ ಕಡೆ ಎಷ್ಟೋ ಸರ್ಕಾರಿ ಶಾಲೆಗಳ ಜಾಗದಲ್ಲಿ ಊರವರು ಶ್ರಮದಾನ ಮಾಡಿ ಅಡಿಕೆ ತೋಟ ಎಬ್ಬಿಸಿದ್ದಾರೆ. ಆ ಆದಾಯದಲ್ಲಿ ಗೌರವ ಶಿಕ್ಷಕರಿಗೆ ಸಂಬಳ ಕೊಡುತ್ತಾರೆ, ವಾಹನ ಓಡಿಸುತ್ತಾರೆ. 2001ರಲ್ಲಿ ಸರ್ಕಾರ ಶಾಲಾಭಿವೃದ್ಧಿ ಸಮಿತಿಗಳನ್ನು ಮಾಡಿದ ಮೇಲೆ ಇಂಥದ್ದಕ್ಕೆಲ್ಲ ಒಂದು ಚೌಕಟ್ಟೂ ಸಿಕ್ಕಿತು. ನಾವೂ ಅರವತ್ತು ಅಡಿಕೆ ಸಸಿ ನೆಟ್ಟೆವು. ಬೇಸಿಗೆ ರಜೆಯಲ್ಲಿ ನೀರು ಹಾಕುವವರಿಲ್ಲದೆ ಅರ್ಧ ಒಣಗಿದವು. ಉಳಿದರ್ಧಕ್ಕೆ ಜಗಳ ಹುಟ್ಟಿತು. ಸಸಿ ಕೊಟ್ಟವರೊಬ್ಬರು, ಗುಂಡಿ ತೆಗೆದವರೊಬ್ಬರು, ಮುಂದೆ ಚೇಣಿಗೆ ಕೊಡುವಾಗ ನಮಗೇ ಕೊಡಬೇಕೆಂದು ಫಸಲು ಬರುವ ಐದು ವರ್ಷ ಮೊದಲೇ ಮಾತಿಗೆ ಬಂದವರೊಬ್ಬರು.

ನಮ್ಮ ಮೂರು ತಾಲ್ಲೂಕಿನ ಕತೆಯೂ ಬೇರೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ತಿನ್ನುತ್ತಿದೆ, ಈಚಿನ ವರ್ಷಗಳಲ್ಲಿ ಎಲೆಚುಕ್ಕೆ ಸೇರಿಕೊಂಡಿದೆ. ಬೆಳೆಗೆ ರೋಗ ಬಂದು ಬದುಕು ಅಲುಗಾಡುವುದು ಇಲ್ಲಿ ಹೊಸತಲ್ಲ. ಕಾಫಿಯ ಎಲೆರೋಗಕ್ಕೆ ಮದ್ದು ಹುಡುಕಲೆಂದೇ 1915ರಲ್ಲಿ ಮೈಸೂರು ಸರ್ಕಾರ ಕೊಪ್ಪದಲ್ಲಿ ತಾತ್ಕಾಲಿಕ ಸಂಶೋಧನಾ ಘಟಕ ತೆರೆಯಿತು, 1925ರಲ್ಲಿ ಅದು ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನಾ ಕೇಂದ್ರಕ್ಕೆ ದಾರಿಯಾಯಿತು. ಆದರೆ ನನ್ನ ತಕರಾರು ರೋಗಕ್ಕಿಂತ ಬೇರೆಯದು. ತೋಟ ಇರುವುದು ಪೇಟೆಗೆ, ಹಿತ್ತಲು ಇರುವುದು ಒಲೆಗೆ. ಅಡಿಕೆಯ ದುಡ್ಡು ಬ್ಯಾಂಕಿನ ಖಾತೆಗೆ ಹೋಗುತ್ತದೆ, ಖಾತೆಯಿಂದ ಬಣ್ಣಕ್ಕೋ ಮೇಜಿಗೋ ಹೋಗುತ್ತದೆ. ಲೈನ್‌ಮನೆಯ ಮಗುವಿನ ತಟ್ಟೆಯಲ್ಲಿ ಏನೂ ಬದಲಾಗುವುದಿಲ್ಲ. ನಮಗೆ ಬೇಕಾಗಿದ್ದದ್ದು ಹಿತ್ತಲು. ಇದನ್ನು ನಾನು ಸಭೆಯಲ್ಲಿ ಅತ್ತುಕೊಂಡೇ ಹೇಳಿದೆ. ಉಳಿದ ಸಸಿಗಳನ್ನು ಬೇಕಾದವರಿಗೆ ಕೊಟ್ಟುಬಿಟ್ಟೆವು.

ತಟ್ಟೆಯ ಲೆಕ್ಕ ದೊಡ್ಡದೇನಲ್ಲ. ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹದ ಬಿಸಿಯೂಟ 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಶುರುವಾಗಿ ಮರುವರ್ಷ ಉಳಿದ ಕಡೆಗೂ ಬಂತು. ನಿಯಮದ ಪ್ರಕಾರ ಐದನೇ ತರಗತಿವರೆಗಿನ ಮಗುವಿಗೆ ದಿನಕ್ಕೆ 50 ಗ್ರಾಂ ತರಕಾರಿ, ಅದರ ಮೇಲಿನವರಿಗೆ 75 ಗ್ರಾಂ. ನಮ್ಮಲ್ಲಿರುವುದು 28 ಮಕ್ಕಳು. ಹತ್ತೊಂಬತ್ತು ಚಿಕ್ಕವರು, ಒಂಬತ್ತು ದೊಡ್ಡವರು. ದಿನಕ್ಕೆ 1,625 ಗ್ರಾಂ. ಒಂದು ಮಧ್ಯಮ ಗಾತ್ರದ ಚೀನಿಕಾಯಿಯ ತೂಕ. ಇಷ್ಟಕ್ಕೆ ಹನ್ನೆರಡು ಗುಂಟೆ ಸಾಕು, ಮಿಗುತ್ತದೆ ಕೂಡ. ಆದರೆ ಯಾವಾಗ?

ಇಲ್ಲಿಯೇ ಮಲೆನಾಡಿನ ಮಳೆಗೂ ಶಾಲೆಯ ವೇಳಾಪಟ್ಟಿಗೂ ಹೊಂದುವುದಿಲ್ಲ. ಮೊದಲ ವರ್ಷ ನಾನು ಪೇಟೆಯಿಂದ ಚೆಂದದ ಪ್ಯಾಕೆಟ್ ಬೀಜ ತಂದು, ಮಕ್ಕಳೆಲ್ಲ ಬಂದು ಸೇರಲಿ ಎಂದು ಕಾದು, ಜೂನ್ ಕೊನೆಯಲ್ಲಿ ಬಿತ್ತಿಸಿದೆ. ಎರಡೇ ವಾರದಲ್ಲಿ ಎಲ್ಲ ಕೊಳೆತು ನಾರಿತು. ದೊಡ್ಡಿಯ ಗೋಡೆಯಾಚೆ ನಿಂತು ನೋಡುತ್ತಿದ್ದ ಗುಡ್ಡದ ಮೇಲಿನ ಮನೆಯ ಅಜ್ಜಿ ಕೇಳಿದರು: ‘ಟೀಚರಮ್ಮ, ಆರಿದ್ರೆ ಮಳೆ ಹೊಡೆಯೋ ಹೊತ್ತಿಗೆ ಯಾರಾದ್ರೂ ಬೀಜ ಹಾಕ್ತಾರಾ? ರೋಹಿಣಿಲೇ ಹಾಕಿ, ಮೃಗಶಿರದ ಹೊತ್ತಿಗೆ ಬಳ್ಳಿ ಒಂದು ಮೊಳ ಆಗಿರ್ಬೇಕು. ಬೇರು ಹಿಡಿದ್ಮೇಲೆ ಎಷ್ಟು ಹೊಡೆದ್ರೂ ತಡ್ಕಳ್ತದೆ.’

ರೋಹಿಣಿ ಹುಟ್ಟುವುದು ಮೇ 25ರ ಸುಮಾರಿಗೆ. ಶಾಲೆ ತೆರೆಯುವುದು ಅದಾದ ಮೇಲೆ. ಅಂದರೆ ಮಳೆಗಾಲದ ಹಿತ್ತಲನ್ನು ಹಾಕಬೇಕಾದದ್ದು ಸರಿಯಾಗಿ ರಜೆಯಲ್ಲಿ. ಶಾಲೆಯ ಕೈತೋಟಗಳು ಮಲೆನಾಡಿನಲ್ಲಿ ಸೋಲುವುದಕ್ಕೆ ನಾನು ಕಂಡ ದೊಡ್ಡ ಕಾರಣ ಇದೇ. ಬಯಲುಸೀಮೆಯಲ್ಲಿ ಜೂನ್ ಎಂದರೆ ಬಿತ್ತನೆ, ನಮ್ಮಲ್ಲಿ ಜೂನ್ ಎಂದರೆ ಬಿತ್ತಿದ್ದನ್ನು ಉಳಿಸಿಕೊಳ್ಳುವ ಹೋರಾಟ. ಇನ್ನೊಂದು ಕಷ್ಟವೂ ಇದೆ. ರೋಹಿಣಿಯಲ್ಲಿ ಹಾಕಿದ ಬೆಂಡೆ, ಹೀರೆ, ಮೊಗೆ ಕೈಗೆ ಬರುವುದು ಜುಲೈ ಕೊನೆಗೆ. ಜೂನ್, ಜುಲೈ ಎರಡು ತಿಂಗಳು ಸಾರಿಗೆ ಏನು ಹಾಕುವುದು?

ಅದಕ್ಕೂ ಅಜ್ಜಿಯ ಅಡುಗೆಮನೆಯಲ್ಲೇ ಉತ್ತರವಿತ್ತು. ಮೇಲೆ ನೋಡಿದರೆ ಸೂರಿನ ತೊಲೆಗೆ ಸಾಲಾಗಿ ನೇತಾಡುವ ಸೌತೆಕಾಯಿ. ಜನವರಿಯಲ್ಲಿ ಬೀಜ ಹಾಕಿ, ಏಪ್ರಿಲಿನಲ್ಲಿ ಬಲಿತ ಕಾಯಿ ಕೊಯ್ದು, ಒಂದೊಂದಕ್ಕೂ ಬಾಳೆಪಟ್ಟೆಯ ಜಾಲ ಹೆಣೆದು ತೂಗುಹಾಕುತ್ತಾರೆ. ಕಾಯಿಗೆ ಕಾಯಿ ತಾಗಬಾರದು, ತೊಟ್ಟು ಮುರಿದಿರಬಾರದು. ಒಲೆಯ ಹೊಗೆ ಆಡುತ್ತಿದ್ದರೆ ಶ್ರಾವಣದವರೆಗೂ ಕೆಡುವುದಿಲ್ಲ. ನಮ್ಮ ಬಿಸಿಯೂಟದ ಕೋಣೆಯಲ್ಲಿ ಗ್ಯಾಸ್ ಒಲೆ, ಹೊಗೆಯಿಲ್ಲ. ಆದರೂ ಗಾಳಿಯಾಡುವ ಮೂಲೆಯಲ್ಲಿ ಬಿದಿರಿನ ಗಳ ಕಟ್ಟಿ ತೂಗುಹಾಕಿದೆವು. ಚೀನಿಕಾಯಿ, ಬೂದುಗುಂಬಳವನ್ನು ಹುಲ್ಲಿನ ಮೇಲೆ ಇಟ್ಟೆವು. ಮೊದಲ ವರ್ಷ ಕೆಲವು ಕೊಳೆತವು. ಎರಡನೇ ವರ್ಷದಿಂದ ಜೂನ್ ಒಂದರಂದು ಮಕ್ಕಳು ಬಂದಾಗ ಅಡುಗೆ ಅಕ್ಕ ತಲೆ ಎತ್ತಿ, ಕೈ ಚಾಚಿ ಒಂದು ಸೌತೆಕಾಯಿ ಬಿಚ್ಚುತ್ತಾರೆ. ಹೊರಗೆ ಧೋ ಎಂದು ಮಳೆ, ಒಳಗೆ ಸೌತೆಕಾಯಿ ಹುಳಿ.

ಬೀಜಕ್ಕೂ ಅಜ್ಜಿಯದೇ ದಾರಿ. ಹಣ್ಣಾದ ಸೌತೆಯ ಬೀಜ ತೊಳೆದು, ಬೂದಿಯಲ್ಲಿ ಹೊರಳಿಸಿ, ಬಚ್ಚಲ ಒಲೆಯ ಹತ್ತಿರದ ಗೋಡೆಗೆ ಪಟ್ಟೆಂದು ತಟ್ಟುವುದು. ಬಿಲ್ಲೆ ಬಿಲ್ಲೆಯಾಗಿ ಅಂಟಿ ಒಣಗುತ್ತದೆ, ಹುಳ ಬೀಳುವುದಿಲ್ಲ. ಶಾಲೆಯ ಗೋಡೆಗೆ ಹಾಗೆ ತಟ್ಟುವಂತಿಲ್ಲವಾದ್ದರಿಂದ ಮಕ್ಕಳು ಅವರವರ ಮನೆಯಲ್ಲಿ ತಟ್ಟಿಟ್ಟು ವೈಶಾಖದಲ್ಲಿ ತಂದುಕೊಡುತ್ತಾರೆ. ಬೂದಿಯೂ ಮನೆಗಳಿಂದಲೇ ಬರುತ್ತದೆ, ಹಾಲಿನ ಡಬ್ಬದಲ್ಲಿ. ಈ ಸೀಮೆಯ ಮಳೆ ನೆಲದ ಸಾರವನ್ನೆಲ್ಲ ತೊಳೆದು ಮಣ್ಣನ್ನು ಹುಳಿ ಮಾಡುತ್ತದೆ. ಸುಣ್ಣ ಅಥವಾ ಬೂದಿ ಬೀಳದಿದ್ದರೆ ಎಷ್ಟು ಗೊಬ್ಬರ ಹಾಕಿದರೂ ಗಿಡಕ್ಕೆ ಹತ್ತುವುದಿಲ್ಲ.

ಗೊಬ್ಬರದ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಮಲೆನಾಡಿನ ಬೇಸಾಯವೆಲ್ಲ ನಿಂತಿರುವುದು ಬೆಟ್ಟದ ಸೊಪ್ಪು ಮತ್ತು ದರಗಿನ ಮೇಲೆ. ಉತ್ತರ ಕನ್ನಡದಲ್ಲಿ ಒಂದೆಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೂ ಬೆಟ್ಟ ಬಿಟ್ಟುಕೊಟ್ಟಿದ್ದರು ಎಂದರೆ ಎಷ್ಟು ಸೊಪ್ಪು ಬೇಕಾಗುತ್ತದೆಂದು ಊಹಿಸಿ. ನಾವೂ ಶುರುವಿನಲ್ಲಿ ಮಾಘದಲ್ಲಿ ದರಗು ಗುಡಿಸಲು ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದೆವು. ಈಗ ಕಳಿಸುವುದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇಂದು ನಮ್ಮ ಮೂರು ತಾಲ್ಲೂಕುಗಳಲ್ಲೂ ಇದೆ. ಅದನ್ನು ಹರಡುವ ಉಣುಗು ಇರುವುದು ಆ ಒಣ ಎಲೆಗಳ ನಡುವೆ. ಡಿಸೆಂಬರಿನಿಂದ ಮೇವರೆಗೆ, ಅಂದರೆ ದರಗು ತರುವ ಕಾಲದಲ್ಲೇ, ಅದರ ಕಾಟ ಹೆಚ್ಚು. ದೊಡ್ಡವರು ಹೋಗುವುದಾದರೆ ಆಶಾ ಕಾರ್ಯಕರ್ತೆಯರು ಕೊಡುವ ಡೇಪಾ ಎಣ್ಣೆ ಕೈಕಾಲಿಗೆ ಹಚ್ಚಿಕೊಂಡೇ ಹೋಗುತ್ತಾರೆ, ಬಂದವರೇ ಬಿಸಿನೀರಲ್ಲಿ ಮೀಯುತ್ತಾರೆ. ನಾವು ಬಹಳಷ್ಟು ಅಡಿಕೆ ಸಿಪ್ಪೆ, ಕಾಫಿ ಸಿಪ್ಪೆಯಲ್ಲೇ ತೂಗಿಸುತ್ತೇವೆ. ಸುತ್ತಲಿನವರು ಕೊಡುತ್ತಾರೆ, ಬೇಡವೆನ್ನುವುದಿಲ್ಲ.

ಮಂಗಗಳೊಡನೆ ಮಾತ್ರ ರಾಜಿ ಮಾಡಿಕೊಂಡಿದ್ದೇವೆ. ಬಲೆ ಹಾಕಿದೆವು, ತಗಡು ಬಡಿದೆವು, ಒಂದು ವರ್ಷ ಹೀರೆಕಾಯಿ ಒಂದೂ ಉಳಿಯಲಿಲ್ಲ. ಈಗ ಗೋಡೆಯ ಸುತ್ತಿನ ಸಾಲುಗಳಲ್ಲಿ ಅವು ಮುಟ್ಟದ್ದನ್ನೇ ಹಾಕುತ್ತೇವೆ: ಸುವರ್ಣಗೆಡ್ಡೆ, ಕೆಸು, ಅರಿಶಿನ, ಸೂಜಿಮೆಣಸು. ಶಿವರಾತ್ರಿ ಕಳೆದ ಮೇಲೆ ಅರ್ಧ ಕಿಲೋ ತೂಕದ ಸುವರ್ಣಗೆಡ್ಡೆಯ ಹೋಳನ್ನು ಗೊಬ್ಬರ ತುಂಬಿದ ಗುಂಡಿಯಲ್ಲಿ ಹೂತರೆ, ಕಾರ್ತಿಕ ಕಳೆದು ಎಲೆ ಒಣಗುವ ಹೊತ್ತಿಗೆ ಎರಡು ಮೂರು ಕಿಲೋ ಗೆಡ್ಡೆ. ಅದನ್ನು ಅಗೆಯುವ ದಿನ ಶಾಲೆಗೆ ಹಬ್ಬ. ಬಸಳೆ ಚಪ್ಪರ ಮಾತ್ರ ಕೈ ತೊಳೆಯುವ ನಲ್ಲಿಯ ಬುಡದಲ್ಲಿದೆ. ಇಪ್ಪತ್ತೆಂಟು ತಟ್ಟೆ ತೊಳೆದ ನೀರು, ಅಕ್ಕಿ ತೊಳೆದ ನೀರು ಎಲ್ಲ ಅದರ ಬೇರಿಗೆ. ಗುಡ್ಡದಿಂದ ಬರುವ ಅಬ್ಬಿ ನೀರು ಸೊರಗುವ ಏಪ್ರಿಲಿನಲ್ಲೂ ಅದು ಬಾಡಿದ್ದಿಲ್ಲ.

ಇನ್ನು ಕೆಲಸ ಮಾಡುವವರು ಯಾರು, ತಿನ್ನುವವರು ಯಾರು ಎಂಬ ಮಾತು. ಲಾಭಕ್ಕಲ್ಲದ ತೋಟ ಎಂದರೆ ಪುಕ್ಕಟೆ ನಡೆಯುವ ತೋಟ ಎಂದು ಜನ ತಿಳಿಯುತ್ತಾರೆ. ಹಾಗಲ್ಲ. ಪೈಪು ಬೇಕು, ಬಲೆ ಬೇಕು, ಗೋಡೆ ಜರಿದರೆ ಕಲ್ಲು ಕಟ್ಟುವವನಿಗೆ ಕೂಲಿ ಕೊಡಬೇಕು. ದುಡ್ಡು ಬರಬೇಕು, ಮಿಗಲೂಬೇಕು. ಮಿಕ್ಕಿದ್ದು ಯಾರ ಜೇಬಿಗೂ ಹೋಗದೆ ತೋಟಕ್ಕೇ ಮರಳಬೇಕು, ಅಷ್ಟೆ. ಸಂಘ ನೋಂದಾಯಿಸಬೇಕೇ ಎಂದು ಬಹಳ ಚರ್ಚೆ ಮಾಡಿದೆವು. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಮಾಡಬಹುದಿತ್ತು. ಆದರೆ ವರ್ಷ ವರ್ಷ ಲೆಕ್ಕ ಸಲ್ಲಿಸುವುದು, ಪದಾಧಿಕಾರಿಗಳನ್ನು ಬದಲಿಸುವುದು, ಇಷ್ಟು ಸಣ್ಣ ತೋಟಕ್ಕೆ ಅಷ್ಟು ದೊಡ್ಡ ಅಂಗಿ ಬೇಡವೆನಿಸಿತು. ಪಂಚಾಯಿತಿಯ ಠರಾವು, ಶಾಲಾಭಿವೃದ್ಧಿ ಸಮಿತಿ, ಇಬ್ಬರು ಸ್ವಸಹಾಯ ಸಂಘದ ಹೆಂಗಸರು, ಒಂದು ಬ್ಯಾಂಕ್ ಖಾತೆ, ಒಂದು ಪುಸ್ತಕ. ದೊಡ್ಡ ಜಾಗ, ದೊಡ್ಡ ದುಡ್ಡು ಇರುವ ಕಡೆ ನೋಂದಣಿಯೇ ಸರಿ.

ಕೆಲಸಕ್ಕೆ ನಮ್ಮ ಹಳೆಯ ಮುಯ್ಯಾಳು ಪದ್ಧತಿ ಇತ್ತು. ನಾಟಿಗೆ ನಿಮ್ಮ ಮನೆಗೆ ನಾನು ಬಂದರೆ ನನ್ನ ಮನೆಗೆ ನೀವು ಬರಬೇಕು. ತೋಟಕ್ಕೆ ಬಂದವರಿಗೆ ತೋಟ ಮುಯ್ಯಿ ತೀರಿಸುವುದು ಹೇಗೆ? ಅರ್ಧ ದಿನ ದುಡಿದವರ ಹೆಸರು ಪುಸ್ತಕದಲ್ಲಿ ಬರೆಯುತ್ತೇವೆ, ಶನಿವಾರ ತರಕಾರಿ ಹಂಚುವಾಗ ಅವರಿಗೆ ಮೊದಲ ಪಾಲು. ಮೊದಲು ಶಾಲೆಯ ಅಡುಗೆಮನೆ, ಆಮೇಲೆ ಅಂಗನವಾಡಿ, ಆಮೇಲೆ ದುಡಿದವರು. ಮಿಕ್ಕ ಸೂಜಿಮೆಣಸು, ಅರಿಶಿನ, ಗೆಡ್ಡೆ ಮಾತ್ರ ಮಾರಾಟಕ್ಕೆ. ಸಿರಿಮನೆ ಜಲಪಾತ ನೋಡಲು ಬರುವ ಬೆಂಗಳೂರಿನವರು ಭಾನುವಾರ ಕಾರು ನಿಲ್ಲಿಸಿ ಸೂಜಿಮೆಣಸು ಕೊಳ್ಳುತ್ತಾರೆ. ಅದರ ದುಡ್ಡಿನಲ್ಲೇ ಪೈಪು ಬಂದದ್ದು. ಗ್ರಾಮಸಭೆಯಲ್ಲಿ ಪುಸ್ತಕವನ್ನು ಗಟ್ಟಿಯಾಗಿ ಓದುತ್ತೇನೆ. ನಾಲ್ಕು ಕಟ್ಟು ಹರಿವೆ ಯಾರ ಮನೆಗೆ ಹೋಯಿತೆಂಬುದನ್ನೂ ಓದುತ್ತೇನೆ. ಮೊದಮೊದಲು ಜನ ಆಕಳಿಸುತ್ತಿದ್ದರು. ಒಮ್ಮೆ ಎರಡು ಕಿಲೋ ಗೆಡ್ಡೆಯ ಲೆಕ್ಕ ತಾಳೆಯಾಗದೆ, ಸಭೆಯಲ್ಲೇ ಒಬ್ಬರು ಎದ್ದು ಕೇಳಿದರು. ನಾನೇ ಬರೆಯಲು ಮರೆತಿದ್ದೆ. ಆಮೇಲೆ ಯಾರೂ ಆಕಳಿಸಿಲ್ಲ.

ಐದು ವರ್ಷದ ಹಿಂದೆ ಒಂದು ಹೆಜ್ಜೆ ಮುಂದೆ ಹೋದೆವು. ಆರು ಮಡಿಗಳನ್ನು ಆರು ಲೈನ್‌ಮನೆಗಳಿಗೆ ಬಿಟ್ಟುಕೊಟ್ಟೆವು. ಹಾಕುವುದು ಅವರ ಇಷ್ಟ, ಕೊಯ್ದುಕೊಳ್ಳುವುದು ಅವರೇ. ‘ಇವತ್ತು ಇದ್ದು ನಾಳೆ ಹೋಗೋರಿಗೆ ಊರ ಜಾಗ ಯಾಕೆ?’ ಎಂದು ಕೆಲವರು ಆಕ್ಷೇಪಿಸಿದರು. ಹೋಗುವವರು ಮಡಿಯನ್ನು ಹೊತ್ತುಕೊಂಡು ಹೋಗುವುದಿಲ್ಲವಲ್ಲ, ಆ ಕೋಣೆಗೆ ಮುಂದೆ ಬರುವವರಿಗೆ ಅದು ಇರುತ್ತದೆ ಎಂದೆ. ಇದು ನಾನು ಹೊಸದಾಗಿ ಕಂಡುಹಿಡಿದದ್ದೂ ಅಲ್ಲ. ಇಂಗ್ಲೆಂಡಿನಲ್ಲಿ ಹಿತ್ತಲಿಲ್ಲದ ಕೂಲಿಯವರಿಗೆ ತರಕಾರಿ ಬೆಳೆಯಲು ತುಂಡು ನೆಲ ಕೊಡುವುದು ಸ್ಥಳೀಯ ಸಂಸ್ಥೆಗಳ ಕರ್ತವ್ಯ ಎಂದು 1908ರ ಕಾಯ್ದೆಯಲ್ಲೇ ಬರೆದಿದ್ದಾರೆ. ಅಮೆರಿಕದ ಮ್ಯಾಸಚೂಸೆಟ್ಸಿನ ನೇಟಿಕ್ ಎಂಬ ಊರಿನಲ್ಲಿ ಊರಿನದೇ ನೆಲದ ಮೇಲೆ ಲಾಭಕ್ಕಲ್ಲದ ಸಾವಯವ ತೋಟವೊಂದು 1975ರಿಂದ ನಡೆಯುತ್ತಿದೆ, ಮಕ್ಕಳೂ ಹದಿಹರೆಯದವರೂ ಅಲ್ಲಿ ಕೆಲಸ ಕಲಿಯುತ್ತಾರೆ. ಅಷ್ಟು ದೂರ ಹೋಗುವುದೂ ಬೇಡ. ಬೀದರಿನ ಗಡಿಯಾಚೆ ಜಹೀರಾಬಾದ್ ಸೀಮೆಯಲ್ಲಿ 1983ರಲ್ಲಿ ಶುರುವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಹೆಂಗಸರ ಸಂಘಗಳು ಬೀಳು ನೆಲವನ್ನು ಒಟ್ಟಾಗಿ ಗೇಣಿಗೆ ಹಿಡಿದು ಜೋಳ, ಸಿರಿಧಾನ್ಯ ಬೆಳೆದು, ಊರಿನದೇ ಧಾನ್ಯದ ನಿಧಿ ಕಟ್ಟಿಕೊಂಡವು. ಅದರ ಹಿಂದಿದ್ದ ಪಿ. ವಿ. ಸತೀಶ್ ನಮ್ಮ ಮೈಸೂರಿನವರು, 2023ರಲ್ಲಿ ತೀರಿಕೊಂಡರು. ಕಾಸರಗೋಡಿನಲ್ಲೂ, ಕೇರಳದ ಉಳಿದ ಕಡೆಯಂತೆ, 1998ರಲ್ಲಿ ಶುರುವಾದ ಕುಟುಂಬಶ್ರೀಯ ಹೆಂಗಸರು ಗುಂಪುಗೂಡಿ ಪಾಳು ಬಿದ್ದ ನೆಲ ಗೇಣಿಗೆ ಹಿಡಿದು ಬೇಸಾಯ ಮಾಡುತ್ತಾರೆ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ಮೂರೂ ಪೇಟೆಗಳಿಗೆ ಪಟ್ಟಣ ಪಂಚಾಯಿತಿಗಳಿವೆ. ಅವುಗಳ ಹೆಸರಿನಲ್ಲಿರುವ ತುಂಡು ಜಾಗಗಳ ಪಹಣಿ ತೆಗೆದು ನೋಡುವವರು ಬೇಕು.

ಆ ಆರು ಮಡಿಗಳಲ್ಲಿ ಒಂದು ಅಸ್ಸಾಮಿನಿಂದ ಕಾಫಿ ಕೆಲಸಕ್ಕೆ ಬಂದ ಕುಟುಂಬದ್ದು. ಆ ತಾಯಿಗೆ ಕನ್ನಡ ಅಷ್ಟಾಗಿ ಬರುವುದಿಲ್ಲ. ಮೊದಲ ಚಳಿಗಾಲ ಊರಿಗೆ ಹೋಗಿ ಬರುವಾಗ ಸೀರೆಯ ಸೆರಗಿನ ಗಂಟಿನಲ್ಲಿ ಸಾಸಿವೆಗಿಂತ ಚಿಕ್ಕ ಬೀಜ ಕಟ್ಟಿಕೊಂಡು ಬಂದಳು. ನವೆಂಬರಿನಲ್ಲಿ ಚೆಲ್ಲಿದಳು. ಡಿಸೆಂಬರಿನ ಇಬ್ಬನಿಯಲ್ಲಿ ಅಗಲಗಲ ಎಲೆಯ, ಅಂಚು ಸುಕ್ಕಾದ ಸೊಪ್ಪು ಎದ್ದು ನಿಂತಿತು. ಅವರಲ್ಲಿ ಅದಕ್ಕೆ ಲಾಯ್ ಅನ್ನುತ್ತಾರೆ, ಸಾಸಿವೆಯ ಜಾತಿ. ಅಡುಗೆ ಅಕ್ಕ ಒಂದು ಎಲೆ ಹರಿದು ಬಾಯಿಗೆ ಹಾಕಿಕೊಂಡರು, ಮೂಗಿಗೆ ಖಾರ ಹತ್ತಿತು, ‘ಇದಕ್ಕೆ ಕಾಯಿತುರಿ ಬೇಕು’ ಅಂದರು. ಈಗ ಚಳಿಗಾಲದ ಬುಧವಾರ ಬಿಸಿಯೂಟಕ್ಕೆ ಅಸ್ಸಾಂ ಸೊಪ್ಪಿನ ಪಲ್ಯ. ಗುಡ್ಡದ ಮೇಲಿನ ಅಜ್ಜಿಯೂ ಬೀಜ ಕೇಳಿ ಒಯ್ದಿದ್ದಾರೆ.

ಈ ವರ್ಷದ ರಜೆಯ ಸರದಿ ಪಟ್ಟಿ ಬರೆಯುವ ಹೊತ್ತು ಬಂದಿದೆ. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಏಳು ವಾರ. ವಾರಕ್ಕೊಂದು ಮನೆ ಬೆಳಿಗ್ಗೆ ಸಂಜೆ ನೀರು ಬಿಡಬೇಕು, ಬಲಿತ ಸೌತೆ ಕೊಯ್ದು ತೂಗುಹಾಕಬೇಕು, ರೋಹಿಣಿಗೆ ಮಡಿ ಏರಿಸಿಡಬೇಕು. ಪಟ್ಟಿಯನ್ನು ಅಡುಗೆಕೋಣೆಯ ಬಾಗಿಲಿಗೆ ಅಂಟಿಸಿದ್ದೇನೆ. ಆರು ವಾರಕ್ಕೆ ಹೆಸರು ಬಿದ್ದಿದೆ. ಮೇ ಎರಡನೇ ವಾರ ಖಾಲಿ. ಊರ ತುಂಬ ಮದುವೆಗಳಿರುವ ವಾರ ಅದು, ಲೈನ್‌ಮನೆಯವರಲ್ಲಿ ಅರ್ಧ ಜನ ತಮ್ಮ ತಮ್ಮ ಊರಿಗೆ ಹೋಗಿರುತ್ತಾರೆ. ಪೆನ್ನನ್ನು ದಾರ ಕಟ್ಟಿ ಬಾಗಿಲ ಮೊಳೆಗೆ ನೇತುಹಾಕಿ ಬಂದಿದ್ದೇನೆ. ನಾಳೆ ಬೆಳಿಗ್ಗೆ ಹೋಗಿ ನೋಡಬೇಕು.